ಕೆಂಪು ಚುಕ್ಕಿಯಾದ ನಮ್ಮ ಅತ್ತೆಯವರ ಪರವಾಗಿ

ಪ್ಯಾಕೇಜು ಭಂಡಾರದ ಹೆಬ್ಬಾಗಿಲಿನಲ್ಲಿ ಹಗಲಿರುಳೂ ನಿಂತು, ಬಂದ ಗಂಟುಗಳನ್ನೆಲ್ಲ ಬಿಚ್ಚಿ ಮೂಸಿ ನೋಡುವ ಪರೀಕ್ಷಕ ಯಂತ್ರ ಮಹಾಶಯರಿಗೆ,

ಮಾನ್ಯರೇ,

ತಮ್ಮ ಫ್ಯಾನು ತಣ್ಣಗೆ ತಿರುಗುತ್ತಿರಲಿ, ತಮ್ಮ ಕರೆಂಟು ಹೋಗದಿರಲಿ, ತಮ್ಮ ಡಿಸ್ಕಿನಲ್ಲಿ ಸದಾ ಜಾಗವಿರಲಿ ಎಂದು ಮೊದಲಿಗೆ ಹಾರೈಸಿ, ಪಟ್ಟಣದ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಅಂಕಿಅಂಶ ನೋಡಿಕೊಳ್ಳುವ ನಾನು ಮಾಡಿಕೊಳ್ಳುವ ಬಿನ್ನಹವೇನೆಂದರೆ, ತಮ್ಮ ದಯೆಯಿಂದ ನಮ್ಮ ಮನೆಯಲ್ಲಿ ವಾರಗಟ್ಟಲೆ ಉಪ್ಪಿಲ್ಲದ ಊಟ ನಡೆಯಿತು. ಇದನ್ನು ನಾಲ್ಕು ಜನರ ಮುಂದೆ ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದಾಗಲೆಲ್ಲ ಈ ವಿಳಾಸಕ್ಕೆ ಯಾರೂ ಉತ್ತರಿಸಬಾರದು ಎಂಬ ಉತ್ತರವನ್ನು ತಾವು ತಪ್ಪದೆ ಕಳಿಸಿದ್ದೀರಿ.

ಅಂಕಿಅಂಶಗಳಿಗೆಂದೇ ಹುಟ್ಟಿದ ಆ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೊಂದು ಪುಟ್ಟ ಪ್ಯಾಕೇಜು ಬರೆದದ್ದು ತಮಗೆ ನೆನಪಿರಬಹುದು. ಪ್ಯಾಕೇಜು ಎಂದರೆ, ಈ ಪತ್ರ ಓದುವ ಉಳಿದವರ ಅನುಕೂಲಕ್ಕಾಗಿ ಹೇಳುತ್ತೇನೆ, ಒಬ್ಬನು ತಲೆಕೆಡಿಸಿಕೊಂಡು ಬರೆದ ಲೆಕ್ಕವನ್ನು ಮಿಕ್ಕವರು ತಲೆಕೆಡಿಸಿಕೊಳ್ಳದೆ ಬಳಸಲೆಂದು ಕಟ್ಟಿಟ್ಟ ಗಂಟು. ನನ್ನ ಗಂಟಿನ ಕೆಲಸ ಇಷ್ಟೆ: ಒಂದಷ್ಟು ಅಳತೆಗಳನ್ನು ಕೊಟ್ಟರೆ, ಉಳಿದವುಗಳಿಂದ ದೂರ ಹೋಗಿ ನಿಂತ ಅಳತೆಯನ್ನು ಹುಡುಕಿ, ಚಿತ್ರದಲ್ಲಿ ಅದರ ಮೇಲೊಂದು ಕೆಂಪು ಚುಕ್ಕಿ ಇಟ್ಟು, ಪಕ್ಕದಲ್ಲಿ ಅದರ ಹೆಸರು ಬರೆಯುವುದು. ಯಾವ ಬೀದಿಯ ನಲ್ಲಿಯಲ್ಲಿ ಉಪ್ಪಿನಂಶ ಏರಿದೆ ಎಂದು ತಿಳಿಯಲು ನಮ್ಮ ಪ್ರಯೋಗಾಲಯದಲ್ಲಿ ಅದು ಸದ್ದಿಲ್ಲದೆ ದುಡಿಯುತ್ತಿತ್ತು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು. ಲೋಕೋಪಕಾರದ ಹುಚ್ಚು ಹತ್ತಿ ನಾನದನ್ನು ತಮ್ಮ ಭಂಡಾರಕ್ಕೆ ಕಳಿಸಿದೆ.

ತಾವು ತಪ್ಪುಗಳನ್ನು ಮೂರು ದರ್ಜೆಯಲ್ಲಿ ವಿಂಗಡಿಸುತ್ತೀರಿ. ಎರರ್ ಎಂದರೆ ಬಾಗಿಲಿನಿಂದಲೇ ವಾಪಸ್ಸು, ವಾರ್ನಿಂಗ್ ಎಂದರೆ ಚಪ್ಪಲಿ ಬಿಡುವ ಮೊದಲೇ ವಾಪಸ್ಸು, ನೋಟ್ ಎಂದರೆ ಕೂರಿಸಿ ನೀರು ಕೊಟ್ಟು ಆಮೇಲೆ ವಾಪಸ್ಸು. ಮೊದಲ ಸಲ ತಾವು ಕಳಿಸಿದ ನೋಟಿನಲ್ಲಿ 'ಇದು ಹೊಸದಾಗಿ ಬಂದ ಪ್ಯಾಕೇಜು' ಎಂದು ಬರೆದಿದ್ದಿರಿ. ಹೊಸದಾಗಿ ಬಂದದ್ದೇ ಒಂದು ದೋಷವಾದರೆ ಹಳೆಯದಾಗಿ ಬರುವುದು ಹೇಗೆಂದು ನಾನು ಮತ್ತು ನನ್ನ ಹೆಂಡತಿ ಒಂದು ಸಂಜೆಯಿಡೀ ಯೋಚಿಸಿದೆವು. ಎರಡನೆಯ ಸಲ ವಿವರಣೆಯ ಕೊನೆಯಲ್ಲಿ ಪೂರ್ಣವಿರಾಮವಿಲ್ಲ ಎಂದಿರಿ. ಆಮೇಲೊಂದು ಸಲ ನನ್ನ ಕಂಪ್ಯೂಟರಿನಲ್ಲಿ ಹೂವಿನಂತೆ ನಡೆಯುತ್ತಿದ್ದ ಆಜ್ಞೆ ತಮ್ಮಲ್ಲಿಗೆ ಬಂದ ಕೂಡಲೇ ಅಂಥ ವಸ್ತುವೇ ಸಿಗಲಿಲ್ಲ ಎಂದಿರಿ. ಅದು ಎಲ್ಲಿ ಕಳೆದುಹೋಯಿತೆಂದು ಹುಡುಕುತ್ತ ನಾನು ಕಚೇರಿಯ ಮೇಜಿನ ಕೆಳಗೂ ಒಮ್ಮೆ ಬಗ್ಗಿ ನೋಡಿದ್ದನ್ನು ಪಕ್ಕದ ಕುರ್ಚಿಯ ರಸಾಯನ ತಜ್ಞರು ಇವತ್ತಿಗೂ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ಇದ್ಯಾವುದಕ್ಕೂ ನನಗೆ ಬೇಸರವಿಲ್ಲ. ತಮ್ಮಂಥ ಕಟ್ಟುನಿಟ್ಟಿನವರು ಇರುವುದರಿಂದಲೇ ಲೋಕ ನಡೆದಿದೆ ಎಂದು ನಾನು ಎಲ್ಲರ ಮುಂದೆ ತಮ್ಮನ್ನು ಹೊಗಳುತ್ತಿದ್ದೆ.

ತಕರಾರು ಶುರುವಾದದ್ದು, ಪ್ಯಾಕೇಜಿನ ಜೊತೆ ಉದಾಹರಣೆಯೊಂದು ಇರಲೇಬೇಕು, ಅದು ತಮ್ಮ ಕಣ್ಣೆದುರಿಗೇ ಓಡಬೇಕು ಎಂದು ತಾವು ಹಟ ಹಿಡಿದಾಗ. ಪಟ್ಟಣದ ನೀರಿನ ಅಂಕಿಗಳನ್ನು ಹೊರಗೆ ಬಿಡಲು ನಮ್ಮ ಮುಖ್ಯಸ್ಥರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ನಾನು ಪ್ರಯೋಗಾಲಯದ ಉಪ್ಪಿನ ಮೀಟರನ್ನು ಮನೆಗೆ ತಂದೆ. ನಮ್ಮ ಮನೆಯಲ್ಲಿ ಅಡುಗೆ ಸರದಿಯ ಪ್ರಕಾರ ನಡೆಯುತ್ತದೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿ, ನಮ್ಮ ಜೊತೆಗೇ ಇರುವ ಅವಳ ತಾಯಿ, ಅಂದರೆ ನಮ್ಮ ಅತ್ತೆ, ಬಸ್ಸು ಓಡಿಸುವ ಭಾವಮೈದುನ, ಮತ್ತು ನಾನು. ಇವರ ಜೊತೆ ಪಕ್ಕದ ಮನೆಯವರನ್ನೂ ಹೋಗಿಬರುವ ನೆಂಟರನ್ನೂ ಸೇರಿಸಿ, ಒಬ್ಬೊಬ್ಬರು ಮಾಡಿದ ಸೂಪಿನ ಉಪ್ಪನ್ನೂ ಅಳೆದು, ಅಳತೆಯ ಎದುರಿಗೆ ಅವರವರ ಸಂಬಂಧವನ್ನಷ್ಟೇ ಅಚ್ಚ ಕನ್ನಡದಲ್ಲಿ, ಕನ್ನಡ ಅಕ್ಷರದಲ್ಲಿ ಬರೆದೆ. ಅತ್ತೆಯವರ ಅಳತೆ ಎಲ್ಲರಿಗಿಂತ ಬಹಳ ಮೇಲಿತ್ತು. ಪ್ಯಾಕೇಜು ಚುಕ್ಕಿ ಇಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎಂದು ಖುಷಿಪಟ್ಟು ಕಳಿಸಿದೆ.

ಆಗ ತಾವು ಏನು ಮಾಡಿದಿರಿ, ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಈ ಅಕ್ಷರಗಳು ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆ ಎಂದು ವಾರ್ನಿಂಗ್ ಕೊಟ್ಟಿರಿ. ಮಾನ್ಯರೇ, ಓದಲು ಬಾರದಿರುವುದೇ ಅದರ ಚೆಲುವಾಗಿತ್ತು. ಕನ್ನಡದಲ್ಲೇ ಬಿಟ್ಟಿದ್ದರೆ ಜಗತ್ತಿನ ಮುಕ್ಕಾಲು ಪಾಲು ಜನ ಅದನ್ನು ಯಾವುದೋ ಬಳ್ಳಿಯ ಚಿತ್ರವೆಂದುಕೊಂಡು ಮುಂದೆ ಹೋಗುತ್ತಿದ್ದರು. ತಮ್ಮ ಮಾತಿಗೆ ತಲೆಬಾಗಿ ನಾನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ತಾವು ಬಾಗಿಲು ತೆರೆದಿರಿ. ಅತ್ತೆಯವರು ಲೋಕಸಂಚಾರಕ್ಕೆ ಹೊರಟರು.

ಅವರು ಎಲ್ಲೆಲ್ಲಿಗೆ ಹೋಗಿದ್ದಾರೆಂದು ನಮಗೆ ತಿಳಿದದ್ದು ಬೇರೆ ಊರಿನ ಕಾಲೇಜಿನಲ್ಲಿ ಓದುವ ಅವರ ಮೊಮ್ಮಗಳು, ನನ್ನ ಹೆಂಡತಿಯ ಅಕ್ಕನ ಮಗಳು, ತರಗತಿಯ ಗೋಡೆಯ ಮೇಲೆ ಬಿದ್ದ ಚಿತ್ರವೊಂದರ ಫೋಟೊ ತೆಗೆದು ಕಳಿಸಿದಾಗ. "ಅಜ್ಜಿ, ನೀನು ನಮ್ಮ ಪಾಠದಲ್ಲಿ ಬಂದಿದ್ದೀಯ" ಎಂದು ಬರೆದಿದ್ದಳು. ಒಂದು ಕಡೆ ಕಪ್ಪು ಚುಕ್ಕಿಗಳೆಲ್ಲ ಗುಂಪು ಕಟ್ಟಿಕೊಂಡು ನಿಂತಿದ್ದವು. ದೂರದಲ್ಲಿ ಒಂದೇ ಒಂದು ಕೆಂಪು ಚುಕ್ಕಿ, ಪಕ್ಕದಲ್ಲಿ 'ಅತ್ತೆ' ಎಂದು ಎದ್ದು ಕಾಣುವ ಹೆಸರು. ಅತ್ತೆಯವರಿಗೆ ಆದ ಸಂತೋಷವನ್ನು ಬಣ್ಣಿಸಲು ನನ್ನಿಂದಾಗದು. ಅಳಿಯ ತಮ್ಮ ಹೆಸರನ್ನು ಪುಸ್ತಕಕ್ಕೆ ಹಾಕಿಸಿದ್ದಾನೆಂದು ದರ್ಜಿ ಅಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಬಸ್ ನಿಲ್ದಾಣದಲ್ಲಿ ಫೋಟೊ ತೋರಿಸಿ ಬಂದರು. ಕೆಂಪು ಬಣ್ಣ ತಮಗೆ ಮೊದಲಿನಿಂದಲೂ ಒಪ್ಪುತ್ತದೆ ಎಂದೂ ಹೇಳಿದರಂತೆ. ಕೊನೆಗೆ ಮೂರನೆಯ ಮನೆಯ ನಿವೃತ್ತ ಗಣಿತ ಮೇಷ್ಟರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ, ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ, "ಇದು ಲೆಕ್ಕದಿಂದ ಆಚೆ ಹೋದೋರನ್ನ ತೋರಿಸೋ ಚುಕ್ಕಿ ಅಮ್ಮಾ. ನಿಮ್ಮ ಕೈಯಲ್ಲಿ ಉಪ್ಪು ಜಾಸ್ತಿ ಅಂತ ಅರ್ಥ" ಎಂದುಬಿಟ್ಟರು.

ಅತ್ತೆಯವರು ಮನೆಗೆ ಬಂದು ಕೂಗಾಡಲಿಲ್ಲ. ಉಪ್ಪಿನ ಡಬ್ಬಿಯನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿ, "ಜಗತ್ತಿಗೆಲ್ಲ ಜಾಸ್ತಿ ಆಗಿದೆಯಂತಲ್ಲ. ಸ್ವಲ್ಪ ದಿನ ಬೇಡ ಬಿಡಿ" ಎಂದು ಮಗ್ಗುಲಾದರು. ಅಂದಿನಿಂದ ಯಾರ ಸರದಿಯೇ ಇರಲಿ, ಮನೆಯಲ್ಲಿ ಉಪ್ಪಿಲ್ಲದ ಅಡುಗೆ. ಹೊಸದಾಗಿ ಒಂದು ಪೊಟ್ಟಣ ತರುವ ಧೈರ್ಯ ಯಾರಿಗೂ ಬರಲಿಲ್ಲ. ಭಾವಮೈದುನ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಊಟ ಮುಗಿಸಿ ಬರತೊಡಗಿದ. ನಗುವ ಸಂಗತಿಯಂತೆ ಬರೆಯುತ್ತಿದ್ದೇನೆ, ಆದರೆ ಅತ್ತೆಯವರ ಮುಖ ನೋಡಿದರೆ ಸಂಕಟವಾಗುತ್ತಿತ್ತು. ತಮ್ಮ ಆಯುಷ್ಯವೆಲ್ಲ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ರೋಗಿಗಳಿಗೆ ಹದವಾಗಿ ಬೇಯಿಸಿ ಹಾಕಿದ ಹೆಂಗಸು ಅವರು. ಫೋಟೊ ತೋರಿಸಿ ಬಂದ ಅಂಗಡಿಗಳ ಮುಂದೆ ಈಗ ತಲೆತಗ್ಗಿಸಿ ಹೋಗುತ್ತಿದ್ದರು.

ಒಂದು ಭಾನುವಾರ ಅವರೇ ಬೀರು ತೆರೆದರು. ಅದೇ ಸೂಪನ್ನು ಮತ್ತೆ ಮಾಡಿ, "ಇನ್ನೊಂದ್ಸಲ ಅಳೀರಿ, ನನ್ನ ಎದುರಿಗೇ ಅಳೀರಿ" ಎಂದರು. ನಾನು ಚೀಲದಿಂದ ಮೀಟರನ್ನೂ ಅದರ ಪುಟ್ಟ ಲೋಟವನ್ನೂ ತೆಗೆದೆ. ಮೀಟರು ಸರಿಯಿದೆಯೇ ಎಂದು ನೋಡಲು ನಾವು ಆ ಲೋಟದಲ್ಲಿ ಗಟ್ಟಿ ಉಪ್ಪುನೀರು ಹಾಕಿ ಒಮ್ಮೆ ಅಳೆಯುತ್ತೇವೆ. ಅದರ ಬಿಳಿಯ ಗೆರೆ ತಳದಲ್ಲಿ ಹಾಗೆಯೇ ಅಂಟಿಕೊಂಡಿತ್ತು. "ಮೊದ್ಲು ಆ ಲೋಟ ತೊಳೀರಿ" ಎಂದರು ಅತ್ತೆ. ತೊಳೆದು ಅಳೆದೆ. ಅವರ ಸೂಪು ಎಲ್ಲ ಅಳತೆಗಳ ನಟ್ಟನಡುವೆ, ಇರಬೇಕಾದ ಜಾಗದಲ್ಲಿ ಬಂದು ಕೂತಿತು. ಹಿಂದಿನ ಸಲ ಅವರ ಸರದಿಯ ದಿನವೇ ಮೀಟರು ಪರೀಕ್ಷಿಸಿ, ಲೋಟ ತೊಳೆಯದೆ, ಅದಕ್ಕೇ ಅವರ ಸೂಪು ಸುರಿದಿದ್ದೆನೆಂದು ಅಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಹೆಂಡತಿ ನನ್ನ ಮುಖ ನೋಡಿದಳು. ನಾನು ಮೀಟರಿನ ಮುಖ ನೋಡಿದೆ. ಜಗತ್ತೂ ಒಪ್ಪುವವರೆಗೆ ಉಪ್ಪಿಲ್ಲ ಎಂದು ಅತ್ತೆಯವರು ಡಬ್ಬಿಯನ್ನು ಮತ್ತೆ ಬೀರುವಿಗೆ ಸೇರಿಸಿ ಬೀಗ ಹಾಕಿದರು.

ಇಷ್ಟಾದ ಮೇಲೆ ಅಂಕಿಯೊಂದನ್ನು ತಿದ್ದುವುದು ಎಷ್ಟರ ಕೆಲಸ ಎಂದುಕೊಂಡು ತಿದ್ದಿ ಕಳಿಸಿದರೆ, ತಾವು ಎರರ್ ಕೊಟ್ಟಿರಿ. ನನ್ನ ಪ್ಯಾಕೇಜನ್ನು ನೆಚ್ಚಿಕೊಂಡು ಬೇರೆಬೇರೆ ಕಡೆಯವರು ಬರೆದ ಒಂಬತ್ತು ಪ್ಯಾಕೇಜುಗಳು ಆಗಲೇ ಭಂಡಾರದಲ್ಲಿದ್ದವಂತೆ. ತಮ್ಮ ಲೆಕ್ಕ ಸರಿಯಿದೆಯೇ ಎಂದು ನೋಡಿಕೊಳ್ಳಲು ಆ ಒಂಬತ್ತೂ 'ಅತ್ತೆ ಕೆಂಪಗಿದ್ದಾಳೆಯೇ' ಎಂದು ಕೇಳುತ್ತವಂತೆ. ಕೆಂಪಗಿಲ್ಲದಿದ್ದರೆ ಒಂಬತ್ತೂ ಮುರಿದು ಬೀಳುತ್ತವಂತೆ. ಅಂದರೆ ನಮ್ಮ ಮನೆಯಲ್ಲಿ ಸುಳ್ಳೆಂದು ಸಾಬೀತಾದದ್ದು ತಮ್ಮ ಭಂಡಾರದಲ್ಲಿ ಒಂಬತ್ತು ಮನೆಗಳ ಕಂಬವಾಗಿತ್ತು. ಅವನ್ನು ಬರೆದವರಿಗೆಲ್ಲ, ತಿದ್ದಲು ಒಪ್ಪಿ ಎಂದು ಬರೆದು ಕೇಳಿಕೊಂಡೆ. ಅವರಲ್ಲೊಬ್ಬರಾದ, ಮೊಮ್ಮಗಳ ಕಾಲೇಜಿನ ಮೇಷ್ಟರು ಮಾತ್ರ ಅತ್ಯಂತ ವಿನಯದಿಂದ ಉತ್ತರಿಸಿ, ದಯವಿಟ್ಟು ಅವರನ್ನು ತಿದ್ದಬೇಡಿ, ನನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ನೆನಪಿರುವುದು ಅವರೊಬ್ಬರೇ ಎಂದರು. ಇದನ್ನು ನಾನು ಓದಿ ಹೇಳಿದಾಗ ಅತ್ತೆಯವರು ಬೀರುವಿನ ಬೀಗವನ್ನು ಎಳೆದು ಭದ್ರವಾಗಿದೆಯೇ ಎಂದು ನೋಡಿದರು.

ದಾರಿ ತೋರಿಸಿದ್ದು ನನ್ನ ಹೆಂಡತಿ. "ರೀ, ಹಳೇದು ಹಾಗೇ ಇರ್ಲಿ. ಸರಿಯಾದ್ದನ್ನ ಅದರ ಪಕ್ಕದಲ್ಲಿ ಇಡಿ. ಹಳೇದರ ಮೇಲೆ ಏನಾಗಿತ್ತು ಅಂತ ಅಮ್ಮನೇ ಬರೆಸಲಿ" ಎಂದಳು. ಅತ್ತೆಯವರು ಕುರ್ಚಿ ಎಳೆದುಕೊಂಡು ಕೂತು ಬರೆಸಿದರು: ಈ ಅಳತೆ ತಪ್ಪು, ಲೋಟ ತೊಳೆದಿರಲಿಲ್ಲ, ತೊಳೆಯಬೇಕಾದವನು ಅಳಿಯ, ಅತ್ತೆಯ ಕೈ ಸರಿಯಾಗಿದೆ, ಬೇಕಾದವರು ಬಂದು ಉಂಡು ನೋಡಬಹುದು. ನಾನು ಇಂಗ್ಲಿಷಿಗೆ ಇಳಿಸಿದೆ. ಅಳಿಯನ ವಿಷಯವನ್ನು ಬಿಡಲು ನೋಡಿದೆ. ಹೆಂಡತಿ ಪಕ್ಕದಲ್ಲೇ ಇದ್ದಳು.

ಮಾನ್ಯರೇ, ನನ್ನ ನಿಜವಾದ ದೂರು ಈಗ ಬರುತ್ತಿದೆ. ಹೊಸ ಅಳತೆಗಳ ಮೇಲೆ ಉದಾಹರಣೆಯನ್ನು ಓಡಿಸಿ ನೋಡಿದಾಗ ಕೆಂಪು ಚುಕ್ಕಿ ಮಾಯವಾಗಲಿಲ್ಲ, ಜಾಗ ಬದಲಿಸಿತು. ವಿದ್ಯೆ ಬಲ್ಲ ತಮಗೆ ಗೊತ್ತೇ ಇದೆ: ತೀರ ದೊಡ್ಡ ಅಳತೆಯೊಂದು ಇದ್ದರೆ ಸಹಜ ಎನ್ನುವುದರ ವ್ಯಾಪ್ತಿ ಅಗಲವಾಗಿ, ಅದರ ನೆರಳಿನಲ್ಲಿ ಇನ್ನೊಬ್ಬ ಪುಂಡ ಹಾಯಾಗಿ ಅಡಗಿಕೊಂಡಿರುತ್ತಾನೆ, ದೊಡ್ಡದನ್ನು ತೆಗೆದೊಡನೆ ಸಿಕ್ಕಿಬೀಳುತ್ತಾನೆ. ಪರದೆಯ ಮೇಲೆ ಆ ಚುಕ್ಕಿ ಬಂದು ಕೂತದ್ದು 'ಅಳಿಯ' ಎಂಬ ಹೆಸರಿನ ಪಕ್ಕದಲ್ಲಿ.

ನಾನು ಎಳ್ಳಷ್ಟೂ ಅಳುಕಲಿಲ್ಲ. ಯಾಕೆಂದರೆ ತಮ್ಮ ಮೇಲೆ ನನಗೆ ಪೂರ್ತಿ ಭರವಸೆಯಿತ್ತು. ಮೊದಲ ಏಟಿಗೆ ಯಾವುದನ್ನೂ ಒಪ್ಪದವರು ತಾವು. ಹೇಗೂ ಹಿಂದಕ್ಕೆ ಕಳಿಸುತ್ತೀರಿ, ಅಷ್ಟರಲ್ಲಿ ನನ್ನ ಸೂಪಿನ ಬಗ್ಗೆ ಏನಾದರೊಂದು ಸಮಜಾಯಿಷಿ ಹುಡುಕಿದರಾಯಿತು ಎಂದುಕೊಂಡೆ. ತಮಗೆ ಅನುಕೂಲವಾಗಲೆಂದು ವಿವರಣೆಯ ಕೊನೆಯ ಪೂರ್ಣವಿರಾಮವನ್ನು ಬೇಕೆಂತಲೇ ಬಿಟ್ಟೆ. ಹಿಂದೆ ನಿಂತಿದ್ದ ಅತ್ತೆಯವರು, ತಿಂಗಳುಗಟ್ಟಲೆ ನನ್ನ ಗೋಳು ಕೇಳಿಸಿಕೊಂಡವರು, "ಅಲ್ಲೊಂದು ಚುಕ್ಕಿ ಬೇಕಲ್ವಾ?" ಎಂದರು. ಹೆಂಡತಿ ಬೆರಳು ಚಾಚಿ ಅದನ್ನು ಒತ್ತಿ, ಕಳಿಸುವ ಗುಂಡಿಯನ್ನೂ ತಾನೇ ಒತ್ತಿದಳು.

ತಾವು ಒಪ್ಪಿಬಿಟ್ಟಿರಿ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಹುಡುಕಿದರೂ ಒಂದು ನೋಟ್ ಇಲ್ಲ. ಇಷ್ಟು ದಿನ ನನ್ನ ಒಂದೊಂದು ಅಲ್ಪವಿರಾಮಕ್ಕೂ ಮೂಗು ಮುರಿದ ತಾವು, ಅತ್ತೆಯವರು ಬರೆಸಿದ್ದನ್ನು ಒಂದೇ ಸಲಕ್ಕೆ ಕಣ್ಣಿಗೊತ್ತಿಕೊಂಡಿರಿ. ಆ ಕಾಲೇಜು ಮೇಷ್ಟರು ಈಗ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ದೊಡ್ಡ ತಪ್ಪಿನ ಹಿಂದೆ ಅವಿತುಕೊಂಡವನನ್ನು ಹಿಡಿಯುವುದು ಹೇಗೆಂದು ಪಾಠ ಮಾಡುತ್ತಾರಂತೆ. ಮೊಮ್ಮಗಳು ಅದರ ಫೋಟೊ ಕಳಿಸಿದಳು. ಅತ್ತೆಯವರು ಅದನ್ನು ಹಿಡಿದುಕೊಂಡು ದರ್ಜಿ ಅಂಗಡಿಗೆ, ಹಾಲಿನ ಬೂತಿಗೆ, ಬಸ್ ನಿಲ್ದಾಣಕ್ಕೆ ಮತ್ತೊಮ್ಮೆ ಹೋಗಿ, ತಲೆಯೆತ್ತಿಕೊಂಡು ಬಂದರು. ಬಂದವರೇ ಬೀರುವಿನ ಬೀಗ ತೆಗೆದರು. ಅವತ್ತಿನ ಊಟಕ್ಕೆ ಉಪ್ಪಿತ್ತು, ಹದವಾಗಿತ್ತು, ಭಾವಮೈದುನ ಮೂರು ಸಲ ಬಡಿಸಿಕೊಂಡ. ಅವರು ನಗುವುದನ್ನು ನೋಡಿ ನನಗೂ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ, ಇದನ್ನು ತಾವು ಎಲ್ಲಿಯೂ ಎತ್ತಿ ಆಡಬಾರದು.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಹಿಂದಿನ ತಾರೀಖು ಹಾಕಿಯಾದರೂ ಆ ಪ್ಯಾಕೇಜಿಗೆ ಒಂದೇ ಒಂದು ನೋಟ್ ದಯಪಾಲಿಸಬೇಕು. ಅದೂ ಆಗದಿದ್ದರೆ, ಕೆಂಪನ್ನು ಯಾವುದಾದರೂ ಸೌಮ್ಯ ಬಣ್ಣವೆಂದು ಜಗತ್ತಿನ ಎಲ್ಲ ಕಂಪ್ಯೂಟರುಗಳಿಗೂ ಸುತ್ತೋಲೆ ಹೊರಡಿಸಬೇಕು.

ಇಷ್ಟಾದರೂ ತಮ್ಮ ಬಾಗಿಲಿನಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಕೆಂಪು ಚುಕ್ಕಿ (ಹೊಸ ಆವೃತ್ತಿ)

ತಾ.ಕ.: ನನ್ನ ಸೂಪನ್ನೂ ಇನ್ನೊಮ್ಮೆ ಅಳೆಯಿರೆಂದು ಕೇಳಿಕೊಂಡೆ. ಅತ್ತೆಯವರು ಲೋಟವನ್ನು ತಾವೇ ತೊಳೆದು, ಬಿಸಿಲಿಗೆ ಹಿಡಿದು ನೋಡಿ, ಮತ್ತೆ ತೊಳೆದು ಕೊಟ್ಟರು, ಅಳತೆ ಕದಲಲಿಲ್ಲ. ನನ್ನನ್ನು ಅಡುಗೆಯ ಸರದಿಯಿಂದ ತೆಗೆದು, "ಮೊದ್ಲು ತೊಳೆಯೋದು ಕಲೀಲಿ" ಎಂದು ಪಾತ್ರೆಯ ಕೆಲಸಕ್ಕೆ ಹಾಕಿದ್ದಾರೆ. ತೊಳೆದದ್ದನ್ನೆಲ್ಲ ಅತ್ತೆಯವರು ಪರೀಕ್ಷಿಸಿ, ಒಪ್ಪಿಗೆಯಾಗದ್ದನ್ನು ಹಿಂದಕ್ಕೆ ಕಳಿಸುತ್ತಾರೆ. ಆದರೆ ಯಾವ ಪಾತ್ರೆ, ಯಾವ ಮೂಲೆಯಲ್ಲಿ, ಏನು ಅಂಟಿದೆ ಎಂದು ಬೆರಳಿಟ್ಟು ತೋರಿಸಿಯೇ ಕಳಿಸುತ್ತಾರೆ. ತಮಗೆ ಬಿಡುವಾದಾಗ ಬಂದು ಅವರ ಕೈಕೆಳಗೆ ನಾಲ್ಕು ದಿನ ಕೆಲಸ ಕಲಿಯಬಹುದು. ಊಟ ನಮ್ಮಲ್ಲೇ ಆಗುತ್ತದೆ.