ಮಂಡಕ್ಕಿ ಲೇಖನದ ಎರಡನೆಯ ಪರಿಶೀಲಕರು

'ಮಾತಾಡಬಾರದು' ಎಂಬ ಬೋರ್ಡು ನಮ್ಮ ಕಾಲೇಜು ಗ್ರಂಥಾಲಯದಲ್ಲಿ ನನ್ನ ತಲೆಯ ಮೇಲೇ ತೂಗುತ್ತಿತ್ತು. ಆದರೂ ಗ್ರಂಥಪಾಲಕನಾದ ನನ್ನ ಮೇಜಿನ ಮುಂದೆ ಇಂಥ ಮಾತುಕತೆಗಳು ನಡೆಯುತ್ತಲೇ ಇದ್ದವು. ಇವು ಎಪ್ಪತ್ತರ ದಶಕದ ಕೊನೆಯವು.

ಸೀರೆ ಅಂಗಡಿಯ ಪಕ್ಕ

ಹರಿಹರದಿಂದ ದಿನಾ ರೈಲಿನಲ್ಲಿ ದಾವಣಗೆರೆಗೆ ಬರುತ್ತಿದ್ದ ರಸಾಯನಶಾಸ್ತ್ರದ ಮೇಷ್ಟ್ರಿಗೆ ಬಡ್ತಿ ಬೇಕಿತ್ತು. ತಜ್ಞರು ಓದಿ ಒಪ್ಪಿದ ಲೇಖನ ಒಂದಾದರೂ ಇರಬೇಕು ಎಂದು ಆಡಳಿತ ಮಂಡಳಿಯವರು ಹೇಳಿದ್ದರಂತೆ. ಮಂಡಕ್ಕಿ ಹುರಿಯುವ ಅಕ್ಕಿಯ ತೇವದ ಬಗ್ಗೆ ತಾವು ಬರೆದದ್ದನ್ನು ತಂದು ತೋರಿಸಿದರು. ಅದು ಅಚ್ಚಾಗಿದ್ದುದು ಯಾವುದೋ ಸಂಘದ ಸ್ಮರಣ ಸಂಚಿಕೆಯಲ್ಲಿ. ಎಡಕ್ಕೆ ಸೀರೆ ಅಂಗಡಿಯ ಜಾಹೀರಾತು, ಬಲಕ್ಕೆ ಸೈಕಲ್ ಅಂಗಡಿಯದು.

"ಅಚ್ಚಿಗೆ ಮೊದಲು ಯಾರು ಪರಿಶೀಲಿಸಿದ್ರು?"

"ನಮ್ಮ ಮಾವ."

"ಅವರು ರಸಾಯನಶಾಸ್ತ್ರ ಓದಿದಾರಾ?"

"ಇಲ್ರಿ. ಸೀರೆ ಅಂಗಡಿ ಅವರದೇ."

ಬೈದ ಕಾಗದ

ವಿಜ್ಞಾನ ಪತ್ರಿಕೆಯೊಂದರ ಒಳಪುಟ ತೋರಿಸಿದೆ. ಬಂದ ಲೇಖನವನ್ನು ಅದೇ ವಿಷಯದ ಇಬ್ಬರಿಗೆ ಕಳಿಸುತ್ತೇವೆ, ಅವರ ಹೆಸರು ಹೇಳುವುದಿಲ್ಲ ಎಂದಿತ್ತು. ಮೇಷ್ಟ್ರು ಅಲ್ಲಿಗೆ ಕಳಿಸಿದರು. ಐದು ತಿಂಗಳಿಗೆ ಕಾಗದ ಬಂತು. ಮೊದಲನೆಯ ಪರಿಶೀಲಕರು ಎರಡು ಸಾಲು ಬರೆದಿದ್ದರು, ಎರಡನೆಯವರು ಎರಡು ಪುಟ: 'ತೇವ ಅಳೆದದ್ದು ಅಕ್ಕಿಗೆ ಉಪ್ಪುನೀರು ಹಾಕುವ ಮೊದಲೋ, ಆಮೇಲೋ? ಅದನ್ನು ಹೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ.'

"ಹೆಸರು ಹೇಳೋ ಧೈರ್ಯ ಇಲ್ಲದೋರು ನನಗೆ ಹಿಂಗೆ ಬೈತಾರಲ್ರಿ!"

"ಇಷ್ಟು ಬೈದಿದಾರೆ ಅಂದ್ರೆ ಪೂರ್ತಿ ಓದಿದಾರೆ."

ಮೇಷ್ಟ್ರು ಆ ಎರಡು ಪುಟಗಳನ್ನು ಮತ್ತೆ ತಿರುವಿ ಹಾಕಿದರು. "ಹೌದಲ್ರಿ. ನಮ್ಮ ಮಾವ ಬರೇ 'ಚಂದ ಐತೆ' ಅಂದಿದ್ರು."

ಭಟ್ಟಿಯ ಮುಂದೆ

ತೇವ ಯಾವಾಗ ಅಳೆದದ್ದೆಂದು ಮೇಷ್ಟ್ರು ಬರೆದಿಟ್ಟುಕೊಂಡಿರಲಿಲ್ಲ. ಪ್ರಯೋಗಕ್ಕೆ ಅಕ್ಕಿ ಕೊಟ್ಟಿದ್ದ ಮಂಡಕ್ಕಿ ಭಟ್ಟಿಯ ಸಾಹೇಬರಲ್ಲಿಗೆ ಇಬ್ಬರೂ ಹೋದೆವು. ಹೆಸರು ಹೇಳದ ಪರಿಶೀಲಕರ ಕಥೆಯನ್ನೆಲ್ಲ ಮೇಷ್ಟ್ರು ಹೇಳಿದರು, ಆ ಪ್ರಶ್ನೆಯೊಂದನ್ನು ಬಿಟ್ಟು. ಸಾಹೇಬರು ಬಾಣಲೆಯ ಬಿಸಿ ಮರಳಿನಿಂದ ಕಣ್ಣು ತೆಗೆಯದೆ ಕೇಳಿದರು: "ಅದೆಲ್ಲ ಇರ್ಲಿ ಸಾರ್. ತೇವ ನೋಡಿದ್ದು ಉಪ್ಪುನೀರು ಹಾಕೋಕೆ ಮೊದ್ಲಾ, ಆಮೇಲಾ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಮರಳು ನೋಡಿದೆ.

ಮೇಷ್ಟ್ರು ಮೊದಲೂ ಆಮೇಲೂ ಎರಡು ಸಲ ಅಳೆದು ಮತ್ತೆ ಬರೆದರು. ಲೇಖನ ಅಚ್ಚಾಯಿತು, ಬಡ್ತಿಯೂ ಬಂತು. ಪೇಡೆ ಹಿಡಿದು ಭಟ್ಟಿಗೆ ಹೋದ ದಿನ ಮೇಷ್ಟ್ರು ಸಾಹೇಬರ ಕಿವಿಯ ಹತ್ತಿರ ಬಗ್ಗಿದರು.

"ನಿಜ ಹೇಳ್ರಿ ಸಾಹೇಬ್ರೆ. ಆ ಎರಡನೇ ಪರಿಶೀಲಕರು ನೀವಾ?"

ಸಾಹೇಬರು ಪೇಡೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ನುಂಗಿದರು.

"ಹೆಸರು ಹೇಳಬಾರ್ದು ಅಂತ ಕಾನೂನು ಐತೆ ಅಂದಿದ್ರಲ್ಲ ಸಾರ್."