ಅಕ್ಕನ ಸೀಟಿನ ಪರವಾಗಿ ಎರಡು ಮಾತು

ನಮ್ಮ ಬಂಧುವರ್ಗದಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ: ನನ್ನ ಅಕ್ಕ ಶಾಲಿನಿ ಎಂಥ ಕಷ್ಟದಲ್ಲೂ ನಗುನಗುತ್ತಲೇ ಇರುತ್ತಾಳಂತೆ. ಇದಕ್ಕೆ ನನ್ನ ಪ್ರಬಲ ವಿರೋಧವಿದೆ. ಮುಂಬಯಿ ಪಕ್ಕದ ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಅವಳ ಜೊತೆಗೇ ಬೆಳೆದವನು ನಾನು. ಕರೆಂಟು ಹೋಗಿ ಫ್ಯಾನ್ ನಿಂತಾಗ ಅವಳು ಎತ್ತುವ ಮಂಗಳಾರತಿ ಕೇಳಿದವರು ಯಾರೂ ‘ಸಹನಾಮೂರ್ತಿ’ ಎಂಬ ಪದವನ್ನು ಬಳಸಲಾರರು. ಸೆಕೆ ಅವಳಿಗೆ ಆಗದು. ಅವಳಿಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ಕಾವಲುಗಾರರೇ ದಾರಿತಪ್ಪಿ ನರಗಳ ಹೊದಿಕೆಯನ್ನು ಕಿತ್ತುಹಾಕುವ ಕಾಯಿಲೆ. ಬಿಸಿಲೇರಿದರೆ ಎಡಗಾಲು ಕೊರಡು. ಒಮ್ಮೊಮ್ಮೆ ಒಂದು ರೈಲು ಎರಡಾಗಿ ಕಾಣುತ್ತದೆ. “ಈ ರಶ್ಶಿನ ಡೊಂಬಿವಲಿಗೆ ಬೇಕಾದದ್ದೇ ಅದು” ಎನ್ನುತ್ತಾಳೆ. ಹೊರಗಿನವರಿಗೆ ಮಾತ್ರ ಏನೂ ಕಾಣದು. “ನೋಡಿದ್ರೆ ಗೊತ್ತೇ ಆಗುದಿಲ್ಲ ಮಾರಾಯ್ತಿ!” ಎಂದು ಮದುವೆಮನೆಗಳಲ್ಲಿ ಅತ್ತೆಯಂದಿರು ಪ್ರಶಸ್ತಿ ಕೊಡುತ್ತಾರೆ. “ಸುಸ್ತಾ? ನಂಗೂ ಆಗ್ತದೆ” ಎಂದು ಮಾವಂದಿರು ಪೈಪೋಟಿಗೇ ಇಳಿಯುತ್ತಾರೆ.

ಕೆಲವು ತಿಂಗಳು ರಜೆಯಲ್ಲಿದ್ದು, ಕೋಪರಖೈರಣೆಯ ತನ್ನ ಕಚೇರಿಗೆ ಮರಳುತ್ತೇನೆಂದು ಅವಳು ಹೊರಟಾಗ ಅಮ್ಮ ಷರತ್ತು ಹಾಕಿದರು: “ಮೊದಲ ದಿನ ಇವನು ಜೊತೆಗೆ ಬರ್ಲಿ. ನೀನು ಒಬ್ಬಳೇ ಹೋಗಿಬರಬಹುದು ಅಂತ ಇವನಿಗೆ ಕಂಡ್ರೆ ಸರಿ. ಇಲ್ಲದಿದ್ರೆ ಕೆಲಸ ಬಿಡು.” ಹೀಗೆ, ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನಷ್ಟೇ ಗೆದ್ದಿದ್ದ ನಾನು ಅಕ್ಕನ ನೌಕರಿಗೆ ತೀರ್ಪುಗಾರನಾದೆ.

ಡೊಂಬಿವಲಿಯಿಂದ ಬಂದು ಥಾಣೆ ಸ್ಟೇಷನ್ನಿನಲ್ಲಿ ಇಳಿದು, ವಾಶಿ ಲೋಕಲ್‌ನ ಅಂಗವಿಕಲರ ಡಬ್ಬಿ ಹತ್ತಿದೆವು. ಸೀಟೆಲ್ಲ ಭರ್ತಿ. ಊರುಗೋಲು ಹಿಡಿದು ಕೂತಿದ್ದ ಕಾಕಾ ಒಬ್ಬರು ಅಕ್ಕನ ಇಸ್ತ್ರಿ ಮಾಡಿದ ಕುರ್ತಾವನ್ನು ನೋಡಿ, “ಮ್ಯಾಡಮ್, ಲೇಡೀಸ್ ಡಬ್ಬಾ ಉಧರ್ ಹೈ. ಆಪ್ ತೋ ಏಕ್‌ದಮ್ ಠೀಕ್ ಹೋ” ಎಂದರು.

ಅಕ್ಕನ ಬ್ಯಾಗಿನಲ್ಲಿ ಅಂಗವೈಕಲ್ಯದ ಕಾರ್ಡು ಇತ್ತು. ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ತತ್ವದ ಪ್ರಶ್ನೆ ಬಂದಾಗ ನಾನು ಸುಮ್ಮನಿರುವುದುಂಟೇ? ಕಾಣುವುದಷ್ಟೇ ಇದೆ ಎಂಬ ವಾದದ ಬುಡವೇ ಟೊಳ್ಳು, ತಲೆನೋವು ಕಾಣುತ್ತದೆಯೇ, ತಂತಿಯೊಳಗಿನ ಕರೆಂಟು ಕಾಣುತ್ತದೆಯೇ ಎಂದು ನನ್ನ ಹಿಂದಿಯಲ್ಲಿ ಶುರುಮಾಡಿದೆ. ಎರಡನೇ ಅಂಶಕ್ಕೆ ಬರುವಷ್ಟರಲ್ಲಿ ಇಡೀ ಡಬ್ಬಿ ವಿರೋಧಪಕ್ಷವಾಗಿತ್ತು. ಕಂಬ ಹಿಡಿದ ಅಕ್ಕನ ಕೈ ನಡುಗತೊಡಗಿತ್ತು.

“ಸಾಕು ಮಾರಾಯ, ಉಸಿರು ತಗೊ” ಎಂದಳು ಅಕ್ಕ. ಆಮೇಲೆ ಆ ಕಾಕಾನತ್ತ ತಿರುಗಿ ಹಿಂದಿಯಲ್ಲಿ, “ಠೀಕ್ ದಿಖ್ತೀ ಹೂಂ? ಥ್ಯಾಂಕ್ಯೂ ಕಾಕಾ, ಬೆಳಿಗ್ಗೆಯಿಂದ ಅದಕ್ಕೇ ಒದ್ದಾಡಿದ್ದು. ಆಪ್ ಕಿಧರ್ ಉತರೋಗೇ?”

“ರಬಾಳೆ” ಎಂದುಬಿಟ್ಟರು ಕಾಕಾ. ನಾವು ಇಳಿಯುವುದಕ್ಕಿಂತ ಎರಡು ಸ್ಟೇಷನ್ ಮೊದಲು.

ನಮ್ಮ ಲೋಕಲ್‌ಗಳಲ್ಲಿ ಎಲ್ಲಿ ಇಳಿಯುತ್ತೀರಿ ಎಂದು ಕೇಳುವುದೆಂದರೆ ಆ ಸೀಟಿಗೆ ಟವೆಲ್ ಹಾಕಿದ ಹಾಗೆ. ಉತ್ತರ ಕೊಟ್ಟವರು ಸೀಟು ಬರೆದುಕೊಟ್ಟ ಹಾಗೆ. ವರ್ಷಾನುಗಟ್ಟಲೆ ಓಡಾಡಿದವರ ಬಾಯಿಗೆ ಆ ಉತ್ತರ ತಾನಾಗಿ ಬರುತ್ತದೆ. ಲೇಡೀಸ್ ಡಬ್ಬಿಗೆ ಕಳಿಸಲು ಹೊರಟವರೇ ತಮ್ಮ ಸೀಟಿನ ವಾರಸುದಾರಳನ್ನು ಒಪ್ಪಿಕೊಂಡಾಗಿತ್ತು! ಅದು ಹೊಳೆದದ್ದೇ ಕಾಕಾ ನಕ್ಕರು. ಆಗಲೇ ಆ ನಡುಗುವ ಕೈಯೂ ಅವರ ಕಣ್ಣಿಗೆ ಬಿತ್ತು. ರಬಾಳೆಯವರೆಗೆ ಕಾಯದೆ ಸರಿದು ಕೂತು, “ಬೈಠ್ ಬೇಟಿ” ಎಂದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಔರ್ ತುಮ್ಹಾರಾ ಕ್ಯಾ ಪ್ರಾಬ್ಲೆಮ್ ಹೈ?”

ನನ್ನ ಪರವಾಗಿ ಅಕ್ಕನೇ ಹಿಂದಿಯಲ್ಲಿ ಉತ್ತರ ಕೊಟ್ಟಳು: “ಇವನದ್ದೂ ಹೊರಗೆ ಕಾಣುವುದಿಲ್ಲ ಕಾಕಾ, ಬಾಯಿ ತೆರೆಯುವವರೆಗೆ.” ಡಬ್ಬಿಗೆ ಡಬ್ಬಿಯೇ ನಕ್ಕಿತು.

ಎದುರಾಳಿಯನ್ನು ಸೋಲಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಎದುರಾಳಿಯೇ ಜರುಗಿ ಜಾಗ ಕೊಡುವಂತೆ ಮಾಡಿದವರನ್ನು ಕಂಡದ್ದು ಅದೇ ಮೊದಲು. ಇದನ್ನು ಸಹನೆ ಎಂದು ಕರೆದು ಬಂಧುಗಳು ಅವಳಿಗೆ ಅನ್ಯಾಯ ಮಾಡುತ್ತಿದ್ದಾರೆ.

ಕೋಪರಖೈರಣೆಯಲ್ಲಿ ಇಳಿಯುತ್ತಿದ್ದಂತೆ ಅಮ್ಮನ ಫೋನು. “ಒಬ್ಬಳೇ ಹೋಗಿಬರಬಹುದಾ, ಸರಿಯಾಗಿ ಹೇಳು.” ಅಕ್ಕ ಆಗಲೇ ಕಂಬಿ ಹಿಡಿದು, ಎಡಗಾಲನ್ನು ಎಳೆದುಕೊಳ್ಳುತ್ತಾ, ಯಾರಿಗೂ ಕಾಯದೆ ಸಬ್‌ವೇ ಮೆಟ್ಟಿಲಿಳಿಯುತ್ತಿದ್ದಳು. “ಹೋಗಿಬರ್ತಾಳೆ ಅಮ್ಮ. ತೊಂದರೆ ಆದದ್ದು ನನ್ನಿಂದ ಮಾತ್ರ” ಎಂದೆ.

ಫೋನು ಜೇಬಿಗೆ ಹಾಕಿ, ಮೇಲಿನ ಮೆಟ್ಟಿಲಿನಿಂದಲೇ ಕೂಗಿದೆ: “ಅಕ್ಕಾ, ನಾಳೆಯೂ ನಾನು ಬರ್ಲಾ, ಕಲಿಯಲಿಕ್ಕೆ?”