ನಮಗೇನೂ ಬ್ಯಾಡ ಅಂದವರು

ಗಜೇಂದ್ರಗಡದ ಸೀರೆ ವ್ಯಾಪಾರಿ ಮಲಿಕಸಾಬ ಹುಲಿಗೂ ಹೆದರಿದವನಲ್ಲ (ಹುಲಿ ಆ ಕಡೆ ಬಂದಿರಲಿಲ್ಲ ಅನ್ನಿ). ಆದರೆ ಈಚೆಗೆ ಮೊಬೈಲು ಗುಂಯ್ ಅಂದರೆ ಸಾಕು, ಅವನೆದೆ ಧಸಕ್ ಅನ್ನುತ್ತಿತ್ತು. ವಿಲಾಯತಿ ಲಾಟರಿ ಹತ್ತಿದೆ ಎಂಬ ಮೇಲ್ ನಂಬಿ ಬ್ಯಾಂಕ್ ಖಾತೆಯ ನಂಬರು ಕಳಿಸಲು ಹೊರಟಿದ್ದವನನ್ನು, ಬಸ್ ಸ್ಟ್ಯಾಂಡಿನ ಇಂಟರ್ನೆಟ್ ಅಂಗಡಿಯ ದ್ಯಾಮೇಶ ಕೈ ಹಿಡಿದು ನಿಲ್ಲಿಸಿ, ಮಂತ್ರೋಪದೇಶ ಮಾಡಿದ್ದ.

"ಗುರುತಿಲ್ಲದವರು ಎಲ್ಲಾ ಪುಕ್ಕಟ ಅಂತಾರ, ಲಗೂ ಮಾಡ್ರಿ ಅಂತಾರ, ಯಾರ ಮುಂದೂ ಹೇಳಬ್ಯಾಡ್ರಿ ಅಂತಾರ. ಈ ಮೂರೂ ಕೂಡಿದ್ವು ಅಂದ್ರ ಮೋಸ ಅಂತ ತಿಳೀರಿ."

ಅಂದಿನಿಂದ ಮಲಿಕಸಾಬನಿಗೆ ಜಗತ್ತೆಲ್ಲ ಕಳ್ಳರೇ. ಹಾಲಿನ ಗ್ಯಾನಪ್ಪ ಒಂದು ಗುಟುಕು ಹೆಚ್ಚಿಗೆ ಸುರಿದರೂ ಅನುಮಾನ.

ಹೀಗಿರುವಾಗ ಒಂದು ಮಧ್ಯಾಹ್ನ ಯಾರೋ ಹೆಂಗಸಿನ ಫೋನು ಬಂತು. "ಹುಡುಗಿ ಒಪ್ಪಿಗಿ ಆಗ್ಯಾಳ್ರಿ. ನಮಗ ಕೊಡೂದು ತಗೊಳೂದು ಏನೂ ಬ್ಯಾಡ. ಹುಡುಗಗ ರಜಾ ಕಡಿಮಿ, ಲಗೂ ಮುಗಸೂಣು. ಪಕ್ಕಾ ಆಗೂತನಾ ಯಾರ ಮುಂದೂ ಹೇಳಬ್ಯಾಡ್ರಿ, ಕೆಟ್ಟ ನಜರ್ ಬೀಳತೈತಿ."

ಮಲಿಕಸಾಬ ಬೆರಳು ಮಡಚಿ ಎಣಿಸಿದ. ಮೂರಕ್ಕೆ ಮೂರೂ ಕೂಡಿದ್ದವು. ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದು ಗದರಿ ಫೋನು ಕಟ್ ಮಾಡಿ, ದಿಗ್ವಿಜಯದ ವರ್ತಮಾನವನ್ನು ಅಡುಗೆಮನೆಗೆ ಒಯ್ದ.

ನಂಬರು ನೋಡಿದ ಹೆಂಡತಿ ಬದರುನ್ನಿಸಾಳ ಕೈಯಿಂದ ಲಟ್ಟಣಿಗೆ ಜಾರಿತು. ಅದು ನರಗುಂದದ ರಹಿಮತಬಿಯದು. ಅವಳ ಮಗನಿಗೆ ಮಗಳು ಜಬೀನಾಳನ್ನು ಕೊಡಬೇಕೆಂದು ಈ ತಾಯಿ ಗಂಡನಿಗೂ ತಿಳಿಸದೆ ವರ್ಷದಿಂದ ಹರಕೆ ಹೊತ್ತಿದ್ದಳು. ಕೂಡಲೇ ತಿರುಗಿ ಫೋನು ಹಚ್ಚಿ, ಮಾತಾಡಿದವನು ಅಂಗಡಿಯ ಆಳು, ತಲೆ ನೆಟ್ಟಗಿಲ್ಲ, ಕೆಲಸದಿಂದ ತೆಗೆದೆವು ಎಂದು ಗೋಗರೆದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಶುಕ್ರವಾರ ಬರ್ತಾರ. ನಿಮ್ಮ ದನಿ ಅವರ ಕಿವಿಗೆ ಬಿತ್ತಂದ್ರ ಮಗಳ ಲಗ್ನ ಮುರೀತು ಅಂತ ತಿಳಕೋರಿ."

ಶುಕ್ರವಾರ ಮಲಿಕಸಾಬ ಕೊರಳಿಗೆ ಮಫ್ಲರ್ ಸುತ್ತಿ, ಗಂಟಲುಬೇನೆಯ ರೋಗಿಯಾಗಿ ಕೂತ. ಬಂದ ಕೆಮ್ಮನ್ನೂ ಹೆದರಿ ನುಂಗಿದ. ಎಲ್ಲ ಸುಸೂತ್ರವಾಯಿತು. ಕಡೆಗೆ ರಹಿಮತಬಿ, ಹುಡುಗಿಯ ಅಪ್ಪ ತನ್ನ ಬಾಯಿಂದ ಒಪ್ಪಿಗೆ ಹೇಳಿದರೆ ಸಕ್ಕರೆ ಹಂಚೋಣ ಅಂದಳು. ಅವನು ತಲೆಯಾಡಿಸಿದ. ಅದು ನಡೆಯುವುದಿಲ್ಲ, ಮಾತೇ ಬೇಕು ಅಂದರು. ಮಲಿಕಸಾಬ ಹೆಂಡತಿಯ ಮುಖ ನೋಡಿ, ಅಲ್ಲಾನ ನೆನೆದು, "ಖಬೂಲ್ ಐತ್ರಿ" ಅಂದುಬಿಟ್ಟ.

ರಹಿಮತಬಿಯ ಚಹದ ಬಸಿ ಅರ್ಧದಲ್ಲೇ ನಿಂತಿತು. "ಇದು ಆ ಆಳಿನ ದನಿ ಅಲ್ಲೇನ್ರಿ?"

ಮಲಿಕಸಾಬನ ಜೀವ ಬಾಯಿಗೆ ಬಂತು. ಬದರುನ್ನಿಸಾ ತಲೆ ತಗ್ಗಿಸಿದಳು. "ಹೌದ್ರಿ. ಅಂಗಡಿಯಿಂದ ತೆಗದೀನಿ. ಮನಿಯಿಂದ ಹ್ಯಾಂಗ ತೆಗೀಲ್ರಿ?"

ರಹಿಮತಬಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. "ನಮ್ಮನ್ಯಾಗೂ ಒಬ್ಬರದಾರ್ರಿ" ಎಂದು ತನ್ನ ಗಂಡನನ್ನು ನೋಡಿ, ಜಬೀನಾಳ ಬಾಯಿಗೆ ಸಕ್ಕರೆ ಹಾಕಿದಳು.

ಜೀವ ಮರಳಿದ ಮಲಿಕಸಾಬ ಆಸೆಯಿಂದ ತಾನೂ ಬಾಯಿ ತೆರೆದ.

"ನೀವು ಮುಚ್ಚರಿ" ಅಂದಳು ಬದರುನ್ನಿಸಾ.